ಹೆಬ್ಬೆರಳಿಗೆ ಕಟ್ಟಿದ ಹಗ್ಗ

ಕಲ್ಲುಬಾವಿ ದಾಟೋವಾಗ ರಾಟೆ ಸದ್ದು ಮಾಡ್ತು. ಕೀಂ... ಕೀಂ... ಅಷ್ಟೇ. ಆ ಬಾವೀಲಿ ನೀರು ಸೇದೋದು ಬಿಟ್ಟು ಹತ್ತು ವರ್ಷ ಆಗಿತ್ತು. ರಾಟೆಗೆ ಹಗ್ಗಾನೇ ಇರ್ಲಿಲ್ಲ. ಗಾಳಿ ಇರ್ಬೇಕು ಅಂದ್ಕೊಂಡ ನಮ್ಮ ಕದಿರೇಶಣ್ಣ. ತಲೆ ಎತ್ತಿ ನೋಡಿದ್ರೆ ಹೊಂಗೆ ಮರದ ಒಂದೆಲೆ ಅಲ್ಲಾಡ್ತಿಲ್ಲ.

ಲೈಟ್ ಹಾಕ್ಬೇಡಿ, ಇರ್ಲಿ. ಮತ್ತೆ ನಡುವೆ ನಡುವೆ ಕಿಸಕ್ಕಂತ ನಗೋರಿದ್ರೆ ಈಗ್ಲೇ ಎದ್ದು ಒಳಗೆ ಹೋಗಿ ಮಲ್ಕೊಳ್ಳಿ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ಕದಿರೇಶಣ್ಣ ನನ್ನ ದೊಡ್ಡಮ್ಮನ ಮಗ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡೀಲಿ ಕೆಲಸ, ಉಳಿದ ದಿನ ಹೊಲ. ದೇವರಾಯಸಮುದ್ರದಿಂದ ಒಳಗೆ ಹೋದ್ರೆ ಅವರೂರು. ಎರಡು ಸಾವಿರದ ಐದು, ನಮ್ಮ ಕಡೆ ಕೆರೆಗಳು ಕೋಡಿ ಹರಿದ ವರ್ಷ. ಅವರೆಕಾಯಿ ಸುಲಿಯೋಕೆ ಕೈ ಸಾಲದು ಬಾ ಅಂತ ಆಶಾರಾಣಿ ಅತ್ತಿಗೆ ಕರೆಸ್ಕೊಂಡಿದ್ರು, ನಾನೂ ಆ ಮನೇಲೇ ಇದ್ದೆ. ಅತ್ತಿಗೆ ಅಂದ್ರೆ ಕದಿರೇಶಣ್ಣನ ಹೆಂಡ್ತಿ.

ಅವತ್ತು ರಾತ್ರಿ ಕದಿರೇಶಣ್ಣ ಬರ್ತಿದ್ದದ್ದು ಗಂಗುಲಪ್ಪನವರ ಮನೆಯಿಂದ. ಅಲ್ಲಿ ಊರಿನ ನಾಲ್ಕೈದು ಜನ ಕೂತು ಮೀನಿಗೆ ಹೋಗೋ ಏರ್ಪಾಡು ಮಾಡ್ತಿದ್ರು, ಗಂಗುಲಪ್ಪನವರೇ ಮುಂದಾಳು. ದಡದಲ್ಲಿ ಗಾಳ ಹಾಕ್ಕೊಂಡು ಕೂರೋ ಮೀನು ಬೇಟೆ ಅಲ್ಲ ಅದು. ಮೂರು ರಾತ್ರಿ, ನಾಲ್ಕು ಹಗಲು, ನೀರ ಮೇಲೇ ಠಿಕಾಣಿ.

ಹೇಗೆ ಅಂತ ಹೇಳ್ತೀನಿ ಕೇಳಿ. ಎಂಟು ಖಾಲಿ ಡ್ರಮ್ಮು, ಮೇಲೆ ಬಿದಿರು, ಅದರ ಮೇಲೆ ಹಲಗೆ, ಅರ್ಧಕ್ಕೆ ಗರಿ ಹೊದಿಸಿದ ಚಪ್ಪರ. ಅದಕ್ಕೆ ತಾಯಿ ತೆಪ್ಪ ಅಂತಾರೆ. ಕೆರೆ ನಡುವೆ ಕಲ್ಲು ಇಳಿಬಿಟ್ಟು ಅದನ್ನ ನಿಲ್ಲಿಸೋದು. ಅಡುಗೆ, ನಿದ್ದೆ, ಮೀನಿಗೆ ಉಪ್ಪು ಸವರೋದು ಎಲ್ಲ ಅಲ್ಲೇ. ರಾತ್ರಿ ಆದ್ರೆ ಒಬ್ಬೊಬ್ಬರು ಒಂದೊಂದು ಲಾರಿ ಟ್ಯೂಬಿನ ಮೇಲೆ ಹಲಗೆ ಹಾಕ್ಕೊಂಡು, ಗಾಳ ಹಿಡ್ಕೊಂಡು ಜೊಂಡಿನ ಕಡೆ ಹೋಗೋದು. ಕೊರವ ಮೀನು ಕಚ್ಚೋದು ಬೆಳಗಿನ ಜಾವ. ದಡದಿಂದ ಹೊರಟ್ರೆ ಅಲ್ಲಿಗೆ ಸೇರೋಷ್ಟರಲ್ಲಿ ಹೊತ್ತು ಹುಟ್ಟಿರುತ್ತೆ.

ಒಬ್ಬ ಮಾತ್ರ ತಾಯಿ ತೆಪ್ಪದಲ್ಲೇ ಉಳೀಬೇಕು. ಅವನೇ ಹಗ್ಗದವನು. ಒಂದೊಂದು ಟ್ಯೂಬಿನಿಂದ ಒಂದೊಂದು ನೈಲಾನ್ ಹಗ್ಗ ಬರುತ್ತೆ. ತುದಿ ಬಿದಿರಿಗೆ ಗಂಟು, ಅದಕ್ಕೆ ಮುಂಚೆ ಇವನ ಕಾಲ್ಬೆರಳಿಗೆ ಒಂದು ಸುತ್ತು. ಎಲ್ಲರಿಗಿಂತ ದೂರ ಹೋದವನ ಹಗ್ಗ ಬಲಗಾಲ ಹೆಬ್ಬೆರಳಿಗೆ. ಮೂರು ಸಲ ಎಳೆದ್ರೆ 'ನನ್ನನ್ನ ಎಳ್ಕೋ' ಅಂತ. ಕೋಡಿ ಮೊರೆತ, ಕಪ್ಪೆಗಳ ವಟವಟ, ಇದರಲ್ಲಿ ಗಂಟಲು ಹರಿಯೋ ಹಾಗೆ ಕೂಗಿದ್ರೂ ಕೇಳ್ಸಲ್ಲ. ಬೆರಳಿಗೆ ಮಾತ್ರ ಗೊತ್ತಾಗೋದು. ಹಗ್ಗದವನು ಮಲಗಬಹುದು, ಬೆರಳು ಎಬ್ಬಿಸುತ್ತೆ ಅಂತ ಅವರ ತಾತಂದಿರ ಕಾಲದಿಂದ ನಂಬಿಕೆ.

ತೊಂಬತ್ತೆಂಟರಲ್ಲೂ ಹೀಗೇ ಹೋಗಿದ್ರು. ಆಗ ಹಗ್ಗದವನು ಕದಿರೇಶಣ್ಣ. ದೂರದ ಟ್ಯೂಬಿನಲ್ಲಿ ಉಮಾಶಂಕರ, ಅತ್ತಿಗೆಯ ತಮ್ಮ. ಇಪ್ಪತ್ತಮೂರು ವರ್ಷ. ನೀರೊಳಗೆ ಮುಳುಗಿದ್ದ ಜಾಲಿ ಮುಳ್ಳು ಟ್ಯೂಬಿಗೆ ಚುಚ್ಚಿತ್ತು. ಬೆಳಿಗ್ಗೆ ಜೊಂಡಿನ ಬುಡದಲ್ಲಿ ಸಿಕ್ಕಿದ. ಹಗ್ಗ ಇನ್ನೂ ಕೈಯಲ್ಲೇ ಇತ್ತು.

"ಅವನು ಎಳೆದಿದ್ನಾ?" ಅಂತ ಅತ್ತಿಗೆ ಒಂದೇ ಒಂದು ಸಲ ಕೇಳಿದ್ರು.

"ಇಲ್ಲ," ಅಂದ ಕದಿರೇಶಣ್ಣ. "ಎಳೆದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ನಡೆದದ್ದೇ ಬೇರೆ. ಒದ್ದೆ ಹಗ್ಗ ಜಾರುತ್ತೆ ಅಂತ ಒಂದು ಸುತ್ತಿನ ಬದಲು ನಾಲ್ಕು ಸುತ್ತು ಬಿಗಿದು ಗಂಟು ಹಾಕಿದ್ದ. ಜೋಪಾನ ಮಾಡೋಕೆ ಹೋಗಿ ಮಾಡಿದ ತಪ್ಪು. ಬೆರಳಿಗೆ ಜೋಮು ಹತ್ತಿತು. ಮುದ್ದೆ ಉಂಡಿದ್ದ, ನಿದ್ದೆ ಹೋದ. ಬೆಳಿಗ್ಗೆ ಎದ್ದು ನೋಡಿದ್ರೆ ಬೆರಳು ನೇರಳೆ ಹಣ್ಣಾಗಿದೆ, ಹಗ್ಗ ಬಿಗಿದು ನಿಂತಿದೆ. ಉಳಿದವರು ವಾಪಸ್ ಬರೋ ಮುಂಚೆ ಗಂಟು ಬಿಚ್ಚಿ, ಸಡಿಲ ಮಾಡಿ ಒಂದೇ ಸುತ್ತು ಸುತ್ಕೊಂಡ. ಇದನ್ನ ಯಾರಿಗೂ ಹೇಳ್ಲಿಲ್ಲ.

ಆಮೇಲೆ ಆ ಬೆರಳಿಗೆ ಸ್ಪರ್ಶವೇ ಬರ್ಲಿಲ್ಲ. ಮೇಲೆ ಬೀಡಿ ಕೆಂಡ ಬಿದ್ರೂ ವಾಸನೆ ಬಂದ್ಮೇಲೆ ನೋಡ್ಕೊಳ್ಳೋನು. ಬೆರಳೊಂದೇ ಏನು, ಮನುಷ್ಯನೇ ಹಾಗಾದ. ಉಮಾಶಂಕರನ ಮಣ್ಣಿಗೆ ಹೋದಾಗ ಅಳ್ಲಿಲ್ಲ. ಮಗಳು ಹುಟ್ಟಿದಾಗ ನಗ್ಲಿಲ್ಲ. ಉಣ್ಣು ಅಂದ್ರೆ ಉಣ್ಣೋನು, ಮಲಗು ಅಂದ್ರೆ ಮಲಗೋನು. ನಂಗಂತೂ ಅವನನ್ನ ನೋಡಿದ್ರೆ ಸಿಟ್ಟು ಬರೋದು. ಏನಯ್ಯಾ ಇದು, ಕಲ್ಲಿಗೆ ಅಂಗಿ ತೊಡಿಸಿದ ಹಾಗಿದ್ದೀಯ ಅಂತ ಮುಖದ ಮೇಲೇ ಹೇಳಿದ್ದೆ. ಈಗ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ.

ಸರಿ. ಏಳು ವರ್ಷದ ಮೇಲೆ ಮತ್ತೆ ಕೆರೆ ತುಂಬ್ತು. ಗಂಗುಲಪ್ಪನವರು ಗಾರೆ ನೆಲದ ಮೇಲೆ ಇದ್ದಿಲಿನಲ್ಲಿ ಕೆರೆ ಬರೆದ್ರು. ಏರಿ ಇಲ್ಲಿ, ಕೋಡಿ ಇಲ್ಲಿ, ಜೊಂಡು ಅಲ್ಲಿ. ನಡುವೆ ಒಂದು ಚೌಕ, ತಾಯಿ ತೆಪ್ಪ. ರಾಗಿ ಹಿಟ್ಟು ಚನ್ನರಾಯಪ್ಪನ ಮನೆಯಿಂದ, ಸೀಮೆಎಣ್ಣೆ ಗಂಗುಲಪ್ಪನವರದ್ದು, ಕಲ್ಲುಪ್ಪು ಎರಡು ಮೂಟೆ, ಎರೆಹುಳು ಆಂಜಿನಪ್ಪನ ತಿಪ್ಪೆಯಿಂದ. ನಾಡಿದ್ದು ಕೋಳಿ ಕೂಗೋ ಮುಂಚೆ ಹೊರಡೋದು ಅಂತ ಆಯ್ತು.

"ದೂರದ ಟ್ಯೂಬು ಆಂಜಿನಪ್ಪನಿಗೆ," ಅಂದ್ರು ಗಂಗುಲಪ್ಪನವರು. "ಹಗ್ಗಕ್ಕೆ ಕದಿರೇಶನೇ. ಏಮಿ ರಾ, ಏನಂತೀಯ?"

ಆಂಜಿನಪ್ಪನಿಗೆ ಮದುವೆಯಾಗಿ ಇನ್ನೂ ಎರಡು ತಿಂಗಳು. ಕೈಯಲ್ಲಿ ಕಂಕಣದ ಗುರುತು ಮಾಸಿರ್ಲಿಲ್ಲ. "ಅಣ್ಣಾ, ನಿನ್ನ ಬೆರಳಿದ್ರೆ ನಂಗೆ ಧೈರ್ಯ ಕಣಣ್ಣಾ," ಅಂದ.

ಕದಿರೇಶಣ್ಣ ಕಾಲು ಮಡಚ್ಕೊಂಡ. ಸತ್ತ ಬೆರಳು ಇದು, ಎಳೆದ್ರೆ ಗೊತ್ತಾಗಲ್ಲ ಅನ್ನಬೇಕು. ಅಂದ್ರೆ ಯಾವಾಗಿಂದ, ಯಾಕೆ ಅಂತ ಕೇಳ್ತಾರೆ. ಆಗ ಏಳು ವರ್ಷದ ಹಿಂದಿನ ಸುಳ್ಳು ಹೊರಗೆ ಬರುತ್ತೆ, ಹೆಂಡ್ತಿ ಕಿವಿಗೆ ಬೀಳುತ್ತೆ. ಅನ್ನದೆ ಇದ್ರೆ ಆಂಜಿನಪ್ಪ ಆ ಹಗ್ಗ ನಂಬ್ಕೊಂಡು ನೀರಿಗಿಳೀತಾನೆ. ಎರಡೂ ಗೊತ್ತಿತ್ತು ಅವನಿಗೆ. "ಹ್ಞೂಂ," ಅಂದು ಚಪ್ಪಲಿ ಮೆಟ್ಕೊಂಡು ಹೊರಟ.

ಹಾಗೆ ಬರೋವಾಗಲೇ ಬಾವಿ ಹತ್ರ... ಕೀಂ... ಕೀಂ...

ನಿಂತ. ರಾಟೆಯೂ ನಿಂತಿತು. ಬಾವಿ ಒಳಗೆ ತೊಟಕ್ ಅಂತ ಒಂದು ಹನಿ. ಆಮೇಲೆ ಏನೂ ಇಲ್ಲ. ಒಂದು ಹೆಜ್ಜೆ ಇಟ್ಟ.

ಬಲಗಾಲ ಹೆಬ್ಬೆರಳನ್ನ ಯಾರೋ ಜಗ್ಗಿದ್ರು.

ಏಳು ವರ್ಷ ಕೆಂಡ ಬಿದ್ರೂ ಗೊತ್ತಾಗದ ಬೆರಳು ಅದು. ಮತ್ತೊಂದು ಸಲ... ಇನ್ನೊಂದು ಸಲ. ಮೂರು. ಕಾಲು ನೋಡ್ಕೊಂಡ. ಏನೂ ಕಟ್ಟಿಲ್ಲ.

"ಬಾವಾ..."

ಹಿಂದೆಯಿಂದ ಅಲ್ವಂತೆ. ಮುಂದೆಯಿಂದಾನೂ ಅಲ್ಲ. ಮೊಣಕಾಲಿನ ಎತ್ತರದಲ್ಲಿ, ಪಿಸುಮಾತಿನಲ್ಲಿ. ನೀರಿನಲ್ಲಿ ಗದ್ದದವರೆಗೆ ಮುಳುಗಿರೋರು ಮಾತಾಡೋ ಎತ್ತರ ಅದು.

"ಬಾವಾ... ಎಷ್ಟು ಸಲ ಎಳೀಬೇಕಿತ್ತು?"

ಓಡಬೇಕು ಅನ್ನಿಸ್ಲಿಲ್ಲ, ಹೆದರಿಕೇನೂ ಆಗ್ಲಿಲ್ಲ ಅಂತ ಕದಿರೇಶಣ್ಣ ಆಮೇಲೆ ಹೇಳಿದ. ಯಾರೋ ಬಸ್ಸಿನ ಟೈಮು ಕೇಳಿದ್ರೆ ಹೇಳೋ ಹಾಗೆ ಹೇಳಿಬಿಟ್ಟನಂತೆ.

"ಮೂರು."

ಬಾವಿ ಒಳಗೆ ಮತ್ತೊಂದು ಹನಿ ಬಿತ್ತು.

"ಮೂರಕ್ಕೆ ನಿಲ್ಲಿಸ್ಲಿಲ್ಲ ಬಾವಾ... ಬೆಳಕು ಹರಿಯೋವರೆಗೂ ಎಳೀತಾನೇ ಇದ್ದೆ."

ಅಷ್ಟೇ. ಆಮೇಲೆ ಕಪ್ಪೆಗಳು ಶುರು ಹಚ್ಕೊಂಡ್ವು.

ಮನೆಗೆ ಬಂದಾಗ ಅತ್ತಿಗೆ ತಟ್ಟೆ ಇಟ್ರು. ನಾನು ಒಂದು ಪಕ್ಕದಲ್ಲಿ ಅವರೆಕಾಳು ಹಿಸುಕ್ತಾ ಕೂತಿದ್ದೆ. ಕದಿರೇಶಣ್ಣ ತಟ್ಟೆ ಮುಟ್ಲಿಲ್ಲ. ನಿಂತ್ಕೊಂಡೇ ಹೇಳಿದ. ಬಾವಿ ಹತ್ರ ಆದದ್ದು, ನಾಲ್ಕು ಸುತ್ತು ಬಿಗಿದದ್ದು, ಬಿಚ್ಚಿ ಮತ್ತೆ ಸುತ್ಕೊಂಡದ್ದು, ಎಲ್ಲ. ಬಸ್ಸು ತಪ್ಪಿಹೋಯ್ತು ಅನ್ನೋ ಹಾಗೆ ಸಪ್ಪೆ ದನಿಯಲ್ಲಿ. "ಅವನು ಎಳೆದಿದ್ದ. ನಂಗೆ ಗೊತ್ತಾಗ್ಲಿಲ್ಲ. ನಿಂಗೆ ಸುಳ್ಳು ಹೇಳ್ದೆ."

ಅತ್ತಿಗೆ ಪಾತ್ರೆ ಎಸೀತಾರೆ, ಎದೆ ಬಡ್ಕೊಂಡು ಅಳ್ತಾರೆ ಅಂತ ಕಾದೆ. ಏನೂ ಇಲ್ಲ. ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದ್ರು.

"ಯಾರನ್ನ ಕೂರಿಸ್ತೀರಿ ಈ ಸಲ ಆ ಟ್ಯೂಬಿನಲ್ಲಿ?"

"ಆಂಜಿನಪ್ಪನ್ನ."

"ಬೆಳಿಗ್ಗೆ ಹೋಗಿ ಹೇಳಿ ಬನ್ನಿ ಅವರಿಗೆ," ಅಂದ್ರು. "ಈಗ ಉಣ್ಣಿ."

ಆಮೇಲೆ ಚಾಪೆ ಹಾಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ರು. ನಾನು ಪಕ್ಕದಲ್ಲೇ ಮಲಗಿದೆ. ಏನಾದ್ರೂ ಮಾಡ್ಕೊಂಡಾರು ಅಂತ ಭಯ ನಂಗೆ, ಅದಕ್ಕೆ ಅವರ ಸೆರಗಿನ ತುದೀನ ನನ್ನ ಕೈಗೆ ಸುತ್ಕೊಂಡು ಮಲಗಿದ್ದೆ. ನಡುರಾತ್ರೀಲಿ ಒಂದು ಸಲ ಎಚ್ಚರ ಆಯ್ತು. ಸರ್ರ್... ಸ್ವಲ್ಪ ನಿಂತು ಮತ್ತೆ ಸರ್ರ್... ಹಲಗೆ ಮೇಲೆ ಒದ್ದೆಯಾದ ಏನೋ ಉಜ್ಜೋ ಸದ್ದು. ಇಲಿ ಅಂದ್ಕೊಂಡೆ. ಸೆರಗು ನನ್ನ ಕೈಯಲ್ಲೇ ಇತ್ತು. ಅತ್ತಿಗೆ ಅಲ್ಲೇ ಇದ್ರು, ಉಸಿರು ಮಾತ್ರ ಜೋರಾಗಿತ್ತು, ಭಾರ ಹೊತ್ತೋರು ಬಿಡೋ ಹಾಗೆ. ಎಬ್ಬಿಸೋದು ಬೇಡ, ಪಾಪ, ಅಂತ ಸುಮ್ಮನಾದೆ.

ಬೆಳಿಗ್ಗೆ ಕದಿರೇಶಣ್ಣ ಹೋಗಿ ಎಲ್ಲರ ಮುಂದೆ ಹೇಳಿದ. ಗಂಗುಲಪ್ಪನವರು ತೆಲುಗಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದ್ರು, ಆಮೇಲೆ ನೆಲದ ಮೇಲಿದ್ದ ಕೆರೇನ ಕಾಲಲ್ಲಿ ಅಳಿಸಿಬಿಟ್ರಂತೆ. ಚನ್ನರಾಯಪ್ಪ ಉಗಿದು ಎದ್ದುಹೋದ. ಆಂಜಿನಪ್ಪ ಮಾತ್ರ ಕದಿರೇಶಣ್ಣನ ಕಾಲನ್ನೇ ನೋಡ್ತಾ ಕೂತಿದ್ದನಂತೆ. ಯಾರೂ ಮೀನಿಗೆ ಹೋಗ್ಲಿಲ್ಲ. ಆಂಜಿನಪ್ಪನಿಗೆ ಈಗ ಎರಡು ಮಕ್ಕಳು, ಬೇಕಾದ್ರೆ ಹೋಗಿ ಕೇಳಿ.

ಕದಿರೇಶಣ್ಣ ಆ ಕಡೆ ಹೋದಾಗ ನಾನು ಇಲ್ಲಿ ಒಲೆ ಹಚ್ಚಿದೆ. ಅತ್ತಿಗೆ ಚಾಪೆ ಮೇಲೆ ಎದ್ದು ಕೂತಿದ್ರು, ಎರಡೂ ಕೈ ತೊಡೆ ಮೇಲೆ ಅಂಗಾತ ಇಟ್ಕೊಂಡು. ಕಾಫಿ ಲೋಟ ಕೊಟ್ಟೆ. ಹಿಡ್ಕೊಳ್ಳೋಕಾಗ್ಲಿಲ್ಲ ಅವರಿಗೆ.

ಎರಡೂ ಅಂಗೈಯಲ್ಲಿ ಚರ್ಮ ಕಿತ್ತು ಬಂದಿತ್ತು. ಅಡ್ಡಕ್ಕೆ, ಬೆರಳಿನ ಬುಡದಿಂದ ಬುಡಕ್ಕೆ, ಕೆಂಪಗೆ ಒಂದೇ ಬರೆ.

"ಅತ್ತಿಗೆ, ಏನಿದು?" ಅಂದೆ.

ಅವರು ನನ್ನ ಮುಖ ನೋಡ್ಲಿಲ್ಲ. "ತುಂಬ ಭಾರ ಇದ್ದ ಕಣೇ ಶಾಮಲಾ," ಅಂದ್ರು. "ಆದ್ರೂ ಬಂದ."

ನಾನು ಬೋಸೀಲಿ ಬಿಸಿನೀರು ತಂದು ಆ ಕೈಗಳನ್ನ ತೊಳೆದೆ, ಬೆಣ್ಣೆ ಸವರಿ ಹಳೇ ಪಂಚೆ ಹರಿದು ಕಟ್ಟಿದೆ. ಮೂರು ವಾರ ಮುದ್ದೆ ಮುರಿದು ಅವರ ಬಾಯಿಗೆ ಇಟ್ಟವಳೂ ನಾನೇ. ರಾತ್ರಿಯೆಲ್ಲ ಅವರು ಚಾಪೆ ಬಿಟ್ಟು ಎದ್ದಿಲ್ಲ, ಅದಕ್ಕೆ ನಾನೇ ಸಾಕ್ಷಿ. ನಂಬೋರು ನಂಬಿ, ಬಿಡೋರು ಬಿಡಿ. ಗಾಯ ತೊಳೆದ ಆ ಬೋಸಿಯ ತಳದಲ್ಲಿ ಕೆರೆಯ ಪಾಚಿ ಇತ್ತು. ಹಸಿರಿನ್ನೂ ಮಾಸಿರ್ಲಿಲ್ಲ.