ಮಾರನಹಳ್ಳಿಯ ಬಸುರಿ ಮನೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಂಚಾಯಿತಿಯ ಶಾಂತಮಲ್ಲಪ್ಪನವರೇ, ಸಕಲೇಶಪುರದಿಂದ ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರ್ ನಯನಾ ಅವರೇ, ಕಾಡುಮಲ್ಲಿಗೆ ಮಹಿಳಾ ಮಂಡಳಿಯ ನನ್ನ ಅಕ್ಕತಂಗಿಯರೇ, ಅಡುಗೆಯ ವಾಸನೆ ಬರುತ್ತಿದ್ದರೂ ಏಳದೆ ಕುಳಿತಿರುವ ಸಭಿಕರೇ, ನಿಮಗೆಲ್ಲ ಗಂಗಾಮಣಿಯ ವಂದನೆಗಳು.

ನನಗೆ ಶಾಲು ಹೊದಿಸಿದಿರಿ. ಹಾರ ಒಣಗುತ್ತದೆ, ಹಣ್ಣನ್ನು ಮಂಗ ಒಯ್ಯುತ್ತದೆ. ಮಾರನಹಳ್ಳಿಯ ಚಳಿಗೆ ಉಪಯೋಗಕ್ಕೆ ಬರುವ ಸನ್ಮಾನ ಶಾಲು ಒಂದೇ. ಅದಕ್ಕೆ ಮೊದಲು ಧನ್ಯವಾದ ಹೇಳಿಬಿಡುತ್ತೇನೆ.

ಈ ಸಭೆ ಸೇರಿರುವುದು ಏತಕ್ಕೆ ಎಂದು ನಿಮಗೆಲ್ಲ ಗೊತ್ತು. ಹೆದ್ದಾರಿ ಪಕ್ಕದ ನಮ್ಮ ಬಸುರಿ ಮನೆಯನ್ನು ಇಂದು ಮುಚ್ಚಿ, ಕಟ್ಟಡವನ್ನು ಪಂಚಾಯಿತಿಗೆ ಒಪ್ಪಿಸಬೇಕು. ಇನ್ನು ಅದರ ಅಗತ್ಯವಿಲ್ಲ ಎಂದು ಮಂಡಳಿಯೇ ತೀರ್ಮಾನ ಮಾಡಿದೆ. ವನಗೂರಿನ ಕಡೆಗೆ ಡಾಂಬರು ಬಂದಿದೆ. ಹಳ್ಳಕ್ಕೆ ಸೇತುವೆ ಬಂದಿದೆ. ಕಳೆದ ವರ್ಷದಿಂದ ನೂರೆಂಟು ನಂಬರಿನ ಗಾಡಿಯೂ ಬರುತ್ತಿದೆ. ಇನ್ನೇನು ಬೇಕು? ಒಂದು ಸಂಸ್ಥೆಗೆ ಕೆಲಸವಿಲ್ಲದಂತಾದರೆ ಅದಕ್ಕಿಂತ ದೊಡ್ಡ ಗೆಲುವು ಯಾವುದು? ಹೀಗೆ ಮಾತನಾಡಬೇಕೆಂದು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆದರೆ ಮುಚ್ಚುವ ಮಾತಿಗೆ ಮೊದಲು, ಅದನ್ನು ತೆರೆದದ್ದು ಹೇಗೆ ಎಂದು ಚಿಕ್ಕವರಿಗೆ ಹೇಳಬೇಕು.

ತೊಂಬತ್ತೈದನೇ ಇಸವಿಯವರೆಗೂ ನಮ್ಮ ಮಂಡಳಿ ಭಜನೆ ಮಾಡುತ್ತಿತ್ತು, ಉಪ್ಪಿನಕಾಯಿ ಹಾಕುತ್ತಿತ್ತು, ಆಗಸ್ಟ್ ಹದಿನೈದಕ್ಕೆ ರಂಗೋಲಿ ಬಿಡುತ್ತಿತ್ತು. ಇವು ಕೆಟ್ಟ ಕೆಲಸಗಳಲ್ಲ. ಆ ವರ್ಷ ಆಷಾಢದಲ್ಲಿ ವನಗೂರಿನ ಆಚೆಯಿಂದ ವಾಣಿ ಎಂಬ ಹುಡುಗಿಯನ್ನು ಹೆರಿಗೆಗೆಂದು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಹಳ್ಳ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ಜೀಪು ಕಾಯುತ್ತಿತ್ತು. ನೀರು ಇಳಿಯುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಅವಳು ನಮ್ಮ ಮಂಡಳಿಗೆ ಬಂದು ಹಾಡು ಹೇಳಿದವಳು.

ಮುಂದಿನ ಶುಕ್ರವಾರ ಭಜನೆಗೆ ಕುಳಿತೆವು. ಈಗಷ್ಟೇ ವರದಿ ಓದಿದ ನಮ್ಮ ರಾಮಮ್ಮ ತಾಳವನ್ನು ಕೆಳಗಿಟ್ಟು, "ಮಳೆ ಹಿಡಿಯಕ್ ಮುಂಚೇನೆ ಅವಳು ಈಚೆ ದಡದಾಗೆ ಇದ್ದಿದ್ರೆ ಬದುಕ್ತಿದ್ಲು ಕಣ್ರೇ" ಎಂದಳು. ಅಷ್ಟೇ ಮಾತು. ಬಸುರಿ ಮನೆ ಹುಟ್ಟಿದ್ದು ಆ ಒಂದು ಮಾತಿನಿಂದ. ಹಳ್ಳದಾಚೆಯ, ಕಾಡಿನಾಚೆಯ ಬಸುರಿಯರು ತಿಂಗಳು ತುಂಬುವ ಮೊದಲೇ ಬಂದು ಹೆದ್ದಾರಿಯ ಪಕ್ಕ ಇರಲಿ. ನೋವು ಬಂದರೆ ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ಯೋಣ. ಅಲ್ಲಿಯವರೆಗೆ ನಾವು ಪಾಳಿಯ ಮೇಲೆ ಅಡುಗೆ ಮಾಡಿ ಹಾಕೋಣ, ಜೊತೆಗೆ ಮಲಗೋಣ.

ಮನೆ ಎಲ್ಲಿ? ನಮ್ಮ ಯಜಮಾನರಾದ ದೇವೀರಪ್ಪನವರಿಗೆ ರಸ್ತೆ ಪಕ್ಕದಲ್ಲಿ ಕಾಫಿ ತುಂಬುವ ಹಳೆಯ ಸ್ಟೋರ್ ಇತ್ತು. ಅದು ಖಾಲಿ ಬಿದ್ದಿತ್ತು. ನಾನು ಕೇಳಿದೆ. ಅವರು, "ಬ್ಯಾರೆ ಯಾರಾದ್ರೂ ನಡೆಸ್ಲಿ. ನೀನು ಮುಂದೆ ನಿಂತ್ರೆ ಊರೋರು ಆಡ್ಕಳಲ್ವೇನೇ?" ಎಂದರು.

ಅದರ ಅರ್ಥ ಇಲ್ಲಿರುವ ಹಿರಿಯರಿಗೆ ಗೊತ್ತು. ಚಿಕ್ಕವರಿಗೆ ನಾನೇ ಹೇಳುತ್ತೇನೆ. ನನಗೆ ಮಕ್ಕಳಿಲ್ಲ. ಬಂಜೆ ಎಂಬ ಮಾತನ್ನು ಯಾರೂ ನನ್ನ ಮುಖಕ್ಕೆ ಹೇಳಿದ್ದಿಲ್ಲ. ನಮ್ಮ ಊರು ಮರ್ಯಾದೆಯ ಊರು. ಸೀಮಂತಕ್ಕೆ ಕರೆಯುತ್ತಿದ್ದರು, ಆರತಿಯ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹೇಳುತ್ತಿದ್ದರು.

ನಮ್ಮ ಅತ್ತೆ ಇನ್ನೊಂದು ಮದುವೆಗೆ ಆಲೂರಿನ ಕಡೆ ಹೆಣ್ಣು ನೋಡಿದ್ದರು. ಇದೂ ಹಳೆಯ ಮಾತು. ಯಜಮಾನರು ಹೆಣ್ಣು ನೋಡಲು ಹೊರಟ ದಿನ ಬಿಳಿ ಪಂಚೆಯನ್ನು ಮಡಿ ಮಾಡಿ ಕೊಟ್ಟವಳು ನಾನೇ. ಸಂಜೆ ಬಸ್ಸಿಗೆ ತಿರುಗಿ ಬಂದರು. ಕೈಯಲ್ಲಿ ಸಂತೆಯಿಂದ ತಂದ ಹೊಸ ಈಳಿಗೆಮಣೆ ಇತ್ತು. "ಹಳೇದು ಮೊಂಡಾಗಿತ್ತಲ್ಲ" ಎಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟರು. ಆ ಮದುವೆಯ ಮಾತು ಆಮೇಲೆ ಮನೆಯಲ್ಲಿ ಏಳಲಿಲ್ಲ. ಅಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವರು ಅಲ್ಲಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ, ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಇದನ್ನೆಲ್ಲ ಯಾಕೆ ಹೇಳಿದೆನೋ! ಮೈಕು ಕೈಗೆ ಸಿಕ್ಕರೆ ಹೀಗೆಯೇ.

ಸ್ಟೋರಿನ ವಿಷಯಕ್ಕೆ ಬರುತ್ತೇನೆ. "ಊರೋರು ಮೊದ್ಲಿಂದಾನೂ ಆಡ್ಕತಾನೇ ಅವ್ರೆ. ಒಂದು ಕೆಲಸ ಮಾಡಾದ್ರೂ ಆಡಿಸ್ಕತೀನಿ" ಎಂದೆ. ಅವರು ಸ್ಟೋರನ್ನು ಮಂಡಳಿಗೇ ಬಿಟ್ಟು ಬೀಗದ ಕೈ ಕೊಟ್ಟರು.

ನಾವು ಹೆಂಗಸರೇ ಗೋಡೆ ಸಾರಿಸಿದೆವು, ಒಲೆ ಹೂಡಿದೆವು, ಮನೆಮನೆಯಿಂದ ಕಂಬಳಿ ತಂದೆವು. ಆದರೆ ಬಸುರಿಯರು ಬರಲಿಲ್ಲ. ಯಾಕೆ ಬರುತ್ತಾರೆ? ಹೆರಿಗೆಗೆ ತವರಿಗೆ ಹೋಗುವುದು ಬಿಟ್ಟು ಹೆದ್ದಾರಿ ಪಕ್ಕದ ಕಾಫಿ ಸ್ಟೋರಿಗೆ ಹೋಗು ಎಂದರೆ ಯಾವ ಅತ್ತೆ ಒಪ್ಪುತ್ತಾಳೆ? ನಾವು ತೋಟದ ಆಳುಗಳ ಲೈನುಗಳಿಗೆ ಹೋದೆವು, ಹಟ್ಟಿಗಳಿಗೆ ಹೋದೆವು. ಕಾಫಿ ಕುಡಿಸಿ ಕಳಿಸಿದರು.

ಮೊದಲು ಬಂದವಳು ಭೂತಮ್ಮ, ಮರುವರ್ಷದ ಮಳೆಗಾಲದಲ್ಲಿ. ಗಂಡನ ಮನೆ ಎಡಕುಮೇರಿಯ ಮಗ್ಗುಲಿನ ಕಾಡಿನೊಳಗೆ. ತವರಿನಲ್ಲಿ ತಾಯಿ ಇಲ್ಲ. ಚೊಚ್ಚಲು. ಅವಳ ಜೊತೆಗೆ ಕಾವಲಿಗೆಂದು ಅತ್ತೆ ಈರಮ್ಮನೂ ಬಂದಳು. ಬಂದ ದಿನವೇ ಈರಮ್ಮ ನನ್ನನ್ನು ಹಿತ್ತಲಿಗೆ ಕರೆದು, ಕೈ ಮುಗಿದು ಹೇಳಿದಳು:

"ಅಮ್ಮಾರೇ, ತಪ್ಪು ತಿಳ್ಕಬ್ಯಾಡಿ. ನೀವು ಒಳ್ಳೇರೇ. ನಿಮ್ ಅನ್ನ ಉಂಡ್ಕಂಡು ಹಿಂಗ್ ಅನ್ನಬಾರ್ದು. ಆದ್ರೆ ಅವಳು ಹೆರೋಗಂಟ ಅವಳ ಕಣ್ಣೆದುರಿಗೆ ಬರಬ್ಯಾಡಿ."

ನಾನು ಏನು ಹೇಳಬೇಕಿತ್ತು? ನೀವೇ ಹೇಳಿ. ಜಗಳ ಆಡಬಹುದಿತ್ತು. ಸಿಟ್ಟು ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ಹೋದರೆ ಅವರೂ ಗಂಟು ಕಟ್ಟಿಕೊಂಡು ಕಾಡಿಗೆ ಹೋಗುತ್ತಿದ್ದರು. "ಆಗಲಿ ಕಣಮ್ಮ" ಎಂದೆ.

ಅಂದಿನಿಂದ ಹಿಂದಿನ ಬಾಗಿಲಿನಿಂದ ಬಂದು ಅಡುಗೆ ಮಾಡಿ, ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಬಡಿಸುವವಳು ರಾಮಮ್ಮ. ನಡುವೆ ಒಂದು ಗೋಡೆ. ಆ ಗೋಡೆಯಾಚೆ ಭೂತಮ್ಮ ನಗುವುದು ಕೇಳುತ್ತಿತ್ತು, ಕೆಮ್ಮುವುದು ಕೇಳುತ್ತಿತ್ತು. ಒಂದು ದಿನ, "ರಾಮಕ್ಕಾ, ಮಗ ಒದೀತೈತೆ, ಇಲ್ಲಿ ಕೈ ಇಟ್ ನೋಡಿ" ಎಂದಳು. ನಾನು ಸೊಪ್ಪು ಹೆಚ್ಚುತ್ತಿದ್ದವಳು ಹೆಚ್ಚುವುದನ್ನು ನಿಲ್ಲಿಸಿದೆ. ಇಂಥ ಮಾತು ಸಭೆಯಲ್ಲಿ ಹೇಳುವಂಥದ್ದೋ ಅಲ್ಲವೋ ತಿಳಿಯದು. ಸಿಟ್ಟು ಬಂದಿತ್ತು. ಈರಮ್ಮನ ಮೇಲಲ್ಲ. ಯಾರ ಮೇಲೆಂದು ಈಗಲೂ ಗೊತ್ತಿಲ್ಲ.

ಅವಳಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಮಳೆ ಸುರಿಯುತ್ತಿತ್ತು. ರಾಮಮ್ಮ ಸಾಮಾನು ತರಲು ಪೇಟೆಗೆ ಹೋಗಿದ್ದಳು. ಘಾಟಿಯಲ್ಲಿ ಗುಡ್ಡ ಕುಸಿದು ನಾವು ಗೊತ್ತು ಮಾಡಿಕೊಂಡಿದ್ದ ಜೀಪು ಆಚೆ ಸಿಕ್ಕಿಕೊಂಡಿತ್ತು. ಮನೆಯಲ್ಲಿ ನಾವು ಮೂವರೇ. "ಅಮ್ಮಾರೇ, ಬನ್ನಿ, ಏನಾರಾ ಮಾಡಿ!" ಎಂದು ಈರಮ್ಮ ಗೋಡೆಯಾಚೆಯಿಂದ ಕೂಗಿದಳು.

ನಾನು ಒಳಗೆ ಹೋಗದೆ ಹೆದ್ದಾರಿಗೆ ಓಡಿದೆ. ಘಾಟಿ ಇಳಿಯಬೇಕಾದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದರ ಬಾಗಿಲೂ ಬಡಿದೆ. ತಿರುಗಿಸಲು ಜಾಗವಿಲ್ಲ ಎಂದರು. ನಿಜವೇ, ಜಾಗವಿರಲಿಲ್ಲ. ಒಬ್ಬ ಡ್ರೈವರ್ ಮಾತ್ರ ಕೆಳಗಿಳಿದು ಬಂದ. ತಮಿಳಿನವನು, ನನ್ನ ಒಂದು ಮಾತೂ ಅವನಿಗೆ ತಿಳಿಯದು. ಹೆರಿಗೆ ಎಂದೆ, ಆಸ್ಪತ್ರೆ ಎಂದೆ, ಹೆಣ್ಣುಮಗಳು ಎಂದೆ. ಅವನು ಸುಮ್ಮನೆ ನೋಡುತ್ತಿದ್ದ. ಕೊನೆಗೆ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೊಟ್ಟೆಯ ಮುಂದೆ ಎರಡೂ ಕೈಯಿಂದ ತುಂಬು ಬಸುರಿನ ಗಾತ್ರ ತೋರಿಸಿದೆ. ನೋವು ತಿನ್ನುವವಳಂತೆ ಬಗ್ಗಿ ನರಳಿ ತೋರಿಸಿದೆ. ಅಷ್ಟು ಜನ ಗಂಡಸರ ಎದುರು, ಹೆದ್ದಾರಿಯ ನಡುವೆ, ಮಳೆಯಲ್ಲಿ. ಅವರಲ್ಲಿ ನಮ್ಮೂರಿನವರೂ ಇದ್ದರು. ಯಾರೂ ನಗಲಿಲ್ಲ.

ಆ ಡ್ರೈವರ್ ಹಿಂದಿನವರಿಗೆಲ್ಲ ಕೂಗಿ ಹೇಳಿದ. ಒಂದೊಂದೇ ಲಾರಿ ಹಿಂದೆ ಸರಿಯಿತು. ಅವನು ಗಾಡಿ ತಿರುಗಿಸಿದ. ಅವನ ಹೆಸರು ಕೇಳುವಷ್ಟು ವ್ಯವಧಾನ ಇರಲಿಲ್ಲ. ಯಾವ ಸಭೆಯಲ್ಲೂ ಅವನಿಗೆ ನಾವು ಶಾಲು ಹೊದಿಸಲಿಲ್ಲ.

ಭೂತಮ್ಮನನ್ನು ಕ್ಯಾಬಿನ್ನಿಗೆ ಹತ್ತಿಸಿದೆವು. ನಾನು ಒಂದು ಕಡೆಗೆ ಸರಿದು ಕುಳಿತೆ. ಗಾಡಿ ಹೊರಟ ಮೇಲೆ ಈರಮ್ಮನೇ, "ನೀವು ಹಿಡ್ಕಳಿ ಅಮ್ಮಾರೇ" ಎಂದು ಸೊಸೆಯ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಆ ಹುಡುಗಿಯ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಮೂಗಿನ ಮೇಲೆ ಸಣ್ಣ ಮಚ್ಚೆ. ಇಷ್ಟು ಚಿಕ್ಕವಳೇ ಎನಿಸಿತು. ಎರಡು ನೋವುಗಳ ನಡುವೆ ಅವಳು ಕಣ್ಣು ಬಿಟ್ಟು, "ಸಾರು ಮಾಡ್ತಿದ್ದೋರು ನೀವೇನಾ?" ಎಂದಳು.

"ಹೂಂ ಕಣವ್ವ."

"ಎಂಗವ್ರೋ ಅಂತ ದಿನಾ ಅಂದ್ಕತಿದ್ದೆ" ಎಂದು ನನ್ನ ಕೈ ಹಿಡಿದಳು. ಸಕಲೇಶಪುರದವರೆಗೂ ಬಿಡಲಿಲ್ಲ. ಬಳೆ ಒಡೆದು ಗಾಯವಾದದ್ದು ಆಸ್ಪತ್ರೆಯಲ್ಲಿ ಇಳಿದ ಮೇಲೆ ಗೊತ್ತಾಯಿತು.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಉಳಿದರು. ರಾಮಮ್ಮ ಈಗ ಓದಿದ ವರದಿಯಲ್ಲಿ, ಈರಮ್ಮ ಕಣ್ಣೀರಿಟ್ಟು ನನ್ನ ಕಾಲು ಹಿಡಿದು ಕ್ಷಮೆ ಕೇಳಿದಳೆಂದು ಬರೆದಿದೆ. ರಾಮಮ್ಮ, ಹಾಗೇನೂ ಆಗಲಿಲ್ಲ ಕಣೇ. ನಾನು ವಾರ್ಡಿನ ಹೊರಗೆ ವರಾಂಡದಲ್ಲಿ ನಿಂತಿದ್ದೆ. ಈರಮ್ಮ ಬಾಗಿಲಿಗೆ ಬಂದು, "ಒಳಿಕ್ಕೆ ಬನ್ನಿ ಅಮ್ಮಾರೇ, ಹೊರ್ಗೆ ಗಾಳಿ" ಎಂದಳು. ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು. ಅಷ್ಟೇ ಆದದ್ದು. ನನಗೆ ಅಷ್ಟು ಸಾಕಾಗಿತ್ತು.

ಆಮೇಲಿನದು ನಿಮಗೆ ಗೊತ್ತಿರುವುದೇ. ಈರಮ್ಮನೇ ಕಾಡಿನ ಹಾಡಿಗಳಲ್ಲಿ ಸುತ್ತಿ ಬಸುರಿಯರನ್ನು ಕಳಿಸತೊಡಗಿದಳು. ಲೈನಿನವರು ಬಂದರು, ತೋಟದವರು ಬಂದರು. ಎಲ್ಲ ಹೆರಿಗೆಯೂ ಸುಸೂತ್ರವಾಗಲಿಲ್ಲ. ಹೋದವರನ್ನು ನಾವು ಮರೆತಿಲ್ಲ. ಆದರೆ ದಾರಿ ಇಲ್ಲವೆಂದು ಹಳ್ಳದ ದಡದಲ್ಲಿ ಹೋದವರು ಆಮೇಲೆ ಯಾರೂ ಇಲ್ಲ.

ಇಲ್ಲಿಗೆ ನನ್ನ ಭಾಷಣ ಮುಗಿಯಬೇಕಿತ್ತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ಮಾತು.

ನಿನ್ನೆ ಸಂಜೆ ಬಸುರಿ ಮನೆಯ ಕಂಬಳಿಗಳನ್ನು ಮಡಿಸಿ ಕಟ್ಟುತ್ತಿದ್ದೆ. ಒಬ್ಬ ಹುಡುಗಿ ಬಾಗಿಲಿಗೆ ಬಂದು ನಿಂತಳು. ತುಂಬಿದ ತಿಂಗಳು. ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ. ಅವಳ ಮನೆ ಮುಂದೆ ಡಾಂಬರು ರಸ್ತೆಯೇ ಇದೆ. ಫೋನು ಮಾಡಿದರೆ ಗಾಡಿ ಬರುತ್ತದೆ, ಅದೂ ಅವಳಿಗೆ ಗೊತ್ತು. "ಮತ್ತೆ ಇಲ್ಲಿಗೆ ಯಾಕೆ ಬಂದೆ ಮಗಳೇ?" ಎಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಇಲ್ಲಿ ಯಾರಾರಾ ಜತಿಗೆ ಇರ್ತಾರಂತೆ. ಔದಾ?" ಎಂದಳು.

ನಾವು ರಸ್ತೆಯನ್ನು ಲೆಕ್ಕಕ್ಕೆ ಹಿಡಿದೆವು, ಸೇತುವೆಯನ್ನು ಹಿಡಿದೆವು, ಗಾಡಿಯನ್ನು ಹಿಡಿದೆವು. ಇದನ್ನು ಹಿಡಿಯಲಿಲ್ಲ. ಗಾಡಿ ಆಸ್ಪತ್ರೆಗೆ ಮುಟ್ಟಿಸುತ್ತದೆ; ಅದರ ಹಿಂದಿನ ತಿಂಗಳು ಹೆದರಿಕೊಂಡು ಕೂತವಳ ಪಕ್ಕದಲ್ಲಿ ಯಾರು ಇರುತ್ತಾರೆ?

ಶಾಂತಮಲ್ಲಪ್ಪನವರೇ, ಮಂಡಳಿಯನ್ನು ಕೇಳದೆ, ನಿಮ್ಮನ್ನೂ ಕೇಳದೆ ನಾನು ಅವಳಿಗೆ "ಔದು, ಇರ್ತೀವಿ" ಎಂದುಬಿಟ್ಟೆ. ಕಟ್ಟಿದ ಕಂಬಳಿಯ ಗಂಟು ಬಿಚ್ಚಿದ್ದಾಯಿತು. ಕಟ್ಟಡವನ್ನು ಒಪ್ಪಿಸುವ ಕಾಗದಕ್ಕೆ ಇಂದು ಮಂಡಳಿಯ ಪರವಾಗಿ ನಾನು ಸಹಿ ಹಾಕಲಾರೆ. ಮಂಡಳಿಯ ಸಭೆ ಮತ್ತೊಮ್ಮೆ ಸೇರಲಿ. ತಪ್ಪೆನಿಸಿದರೆ ಬೈಯಿರಿ, ಕೇಳುತ್ತೇನೆ. ಇವತ್ತಿನ ಪಾಳಿ ನನ್ನದು. ನಾಳೆಯ ಪಾಳಿಗೆ ಯಾರೂ ಇಲ್ಲ. ಯಾರು ಬರುತ್ತೀರಿ ಎಂದು ಊಟವಾದ ಮೇಲೆ ಬಂದು ಹೇಳಿ, ನಾನು ಕೈ ತೊಳೆಯುವಲ್ಲಿ ನಿಂತಿರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ವೇದಿಕೆಯ ಮೇಲಿರುವ ಹಿರಿಯರಿಗೂ, ಅಡುಗೆಯವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.