ಬೆಳ್ಳಿ ಸೇರಿಸಿ ಎಂಟು ಕಿಲೋ ಒಂಬೈನೂರು

ಹಲೋ... ಹಲೋ, ಆರೋಗ್ಯದ ಆಫೀಸಾ? ಯಾರು ಮಾತಾಡ್ತಿರೋದು?... ಹೆಡ್ ಕ್ಲಾರ್ಕು ರುದ್ರಸ್ವಾಮಿಯೋರು ಬೇಕಾಗಿತ್ತು... ಓ, ನೀವೇನಾ ಸಾರ್? ನಮಸ್ಕಾರ. ನಾನು ಮಲ್ಲಿಗಮ್ಮ... ಮಲ್ಲಿಗಮ್ಮ ಸಾರ್, ಬೆಟ್ಟದ ಮೇಲೆ ಊರೂರು ತಿರುಗಿ ಮಕ್ಕಳನ್ನ ತೂಗೋ ನರ್ಸು. ತಾಳವಾಡಿ ಪೋಸ್ಟಾಫೀಸಿಂದ ಮಾತಾಡ್ತಿದೀನಿ...

ಗಟ್ಟಿಯಾಗೇ ಮಾತಾಡ್ತಿದೀನಿ ಸಾರ್. ನನಗೆ ಇರೋ ಗಂಟಲೇ ಇಷ್ಟು...

ಹಾಂ, ಶಿಶು ಪ್ರದರ್ಶನದ ಏರ್ಪಾಡೆಲ್ಲ ಆಗಿದೆ. ಶಾಮಿಯಾನ ಬಂತು, ಕುರ್ಚಿ ಬಂತು, ಹಾರ ಬಂತು... ಗುಲಾಬಿ ಅಲ್ಲ ಸಾರ್, ಸೇವಂತಿಗೆ... ಸಾಹೇಬರ ಹೆಂಡತಿಗೆ ಸೇವಂತಿಗೆ ಆಗಲ್ವಾ?... ಸರಿ ಸಾರ್, ವಿಚಾರಿಸ್ತೀನಿ. ಆದ್ರೆ ನಾನು ಫೋನ್ ಮಾಡಿದ್ದು ಅದಕ್ಕಲ್ಲ...

ಜೀಪು ಬೇಕಿತ್ತು ಸಾರ್...

ನಮ್ಮ ಆಫೀಸಿನ ಜೀಪೇ. ಕುರ್ಚಿ ಇಳಿಸಿ ಇಲ್ಲೇ ಬಾಗಿಲ ಮುಂದೆ ನಿಂತಿದೆ. ಡ್ರೈವರ್ ಬಸವಣ್ಣ ಬಾನೆಟ್ ಮೇಲೆ ಕೂತು ಕಡಲೆಕಾಯಿ ಸುಲೀತಿದಾರೆ. ನಿಮ್ಮ ಮಾತಿಲ್ಲದೆ ಚಾವಿ ತಿರುಗಿಸಲ್ವಂತೆ. ಒಂದು ಕೂಸನ್ನ ಆಸ್ಪತ್ರೆಗೆ ಸೇರಿಸಬೇಕು ಸಾರ್, ಈಗಲೇ. ಮೂರು ದಿನದಿಂದ ಭೇದಿ. ಕಣ್ಣು ಒಳಕ್ಕೆ ಹೋಗಿದೆ, ನೆತ್ತಿ ಕುಳಿ ಬಿದ್ದಿದೆ. ಹೊಟ್ಟೆಯ ಚರ್ಮ ಹಿಡಿದು ಬಿಟ್ರೆ ಹಂಗೇ ನಿಂತುಬಿಡತ್ತೆ. ಉಪ್ಪು ಸಕ್ಕರೆ ನೀರು ಚಮಚದಲ್ಲಿ ಕುಡಿಸ್ತಾನೇ ಇದೀವಿ, ಅಷ್ಟೂ ವಾಂತಿ. ಇನ್ನು ನರಕ್ಕೆ ನೀರು ಏರಿಸಬೇಕು, ಅದು ನನ್ನ ಕೈಲಿ ಆಗೋದಲ್ಲ...

ತಾಳವಾಡಿ ತಮಿಳುನಾಡಿಗೆ ಸೇರಿದ್ರೂ ನಮಗೆ ಚಾಮರಾಜನಗರದ ಆಸ್ಪತ್ರೇನೇ ಹತ್ತಿರ ಅಲ್ವಾ ಸಾರ್... ಯಾಕೆ?... ಜೀಪು ರಾಜ್ಯದ ಗಡಿ ದಾಟಬಾರದಾ? ಭೇದಿಗೆ ಗಡಿ ಗೊತ್ತಾಗಲ್ವಲ್ಲ ಸಾರ್... ಇಲ್ಲ ಸಾರ್, ಎದುರು ಮಾತಾಡ್ತಿಲ್ಲ...

ಯಾರ ಕೂಸಾ?... ದೊಡ್ಡಗಾಜನೂರು ಶಿವಮಲ್ಲಪ್ಪನೋರ ಮೊಮ್ಮಗ. ಅವರ ಸೊಸೆ ಚನ್ನಬಸಮ್ಮನ ಮಗು...

ಹಾಂ. ಅದೇ. ಇವತ್ತು ಮೊದಲನೇ ಬಹುಮಾನ ತಗೊಳ್ಳೋ ಕೂಸೇ...

ನಗಬೇಡಿ ಸಾರ್...

ಗೊತ್ತು ಸಾರ್. ರಿಜಿಸ್ಟರಲ್ಲಿ ಎಂಟು ಕಿಲೋ ಒಂಬೈನೂರು ಅಂತಿದೆ. ಬರೆದೋಳು ನಾನೇ ಅಲ್ವಾ. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಗೆರೆ ಕೆಳಗಿಳಿದಿಲ್ಲ, ಅದಕ್ಕೇ ಬಹುಮಾನ, ಅದೂ ಗೊತ್ತು... ಏನು?... ಆ ಗ್ರಾಫಿಗೆ ಕಟ್ಟು ಹಾಕಿಸಿ ಸಾಹೇಬರ ಕುರ್ಚಿ ಹಿಂದೆ ತೂಗುಹಾಕಿದೀರಾ? ಗಾಜೂ ಹಾಕಿಸಿದೀರಾ?... ಅಯ್ಯೋ...

ಅದೇ ವಿಷಯ ಹೇಳಬೇಕಿತ್ತು ಸಾರ್. ಆ ತೂಕ... ಬೆಳ್ಳಿ ಸೇರಿಸಿ ತೂಗಿದ್ದು...

ಬೆಳ್ಳಿ ಸಾರ್...

ಇನ್ನೂ ಗಟ್ಟಿಯಾಗಿ ಅಂದ್ರೆ ಇಲ್ಲಿ ಎಲ್ಲರಿಗೂ ಕೇಳಿಸತ್ತೆ ಸಾರ್. ಚನ್ನಬಸಮ್ಮ ಕೂಸನ್ನ ಮಡಿಲಲ್ಲಿ ಹಾಕ್ಕೊಂಡು ಬೆಂಚಿನ ಮೇಲೆ ಕೂತಿದಾಳೆ. ಪಕ್ಕದಲ್ಲೇ ಅವಳ ಅತ್ತೆ ವಿಶಾಲಾಕ್ಷಮ್ಮನೋರು. ಪೋಸ್ಟ್ ಮಾಸ್ಟರ್ ಗುರುಸ್ವಾಮಿಯೋರು ಮುದ್ರೆ ಒತ್ತೋದು ಬಿಟ್ಟು ನನ್ನ ಬಾಯೇ ನೋಡ್ತಿದಾರೆ... ಕೇಳಿಸ್ತಾ ಇಲ್ವಾ? ಒಂದು ಅಕ್ಷರವೂ ಕೇಳಿಸ್ತಾ ಇಲ್ವಾ?... ಸರಿ.

ಬೆಳ್ಳಿ ಸೇರಿಸಿ ತೂಗಿದ್ದು ಸಾರ್! ಕೂಸಿನ ಮೈಮೇಲಿನ ಬೆಳ್ಳಿ!... ಕೇಳಿಸ್ತು, ಅಲ್ವಾ. ಇಲ್ಲೂ ಕೇಳಿಸ್ತು.

ಅವರ ಮನೇಲಿ ಕೂಸಿನ ಮೈಯಿಂದ ಬೆಳ್ಳಿ ಬಿಚ್ಚಬಾರದು ಸಾರ್. ಕೊರಳಲ್ಲಿ ಲಿಂಗದ ಕರಡಿಗೆ ಇದೆ, ಅದನ್ನ ತೆಗೀರಿ ಅಂತ ನಾನೂ ಅನ್ನಲ್ಲ. ಉಳಿದದ್ದು ಕೇಳಿ. ಹೆಸರಿಟ್ಟಾಗ ಉಡಿದಾರ. ಬೋರಲು ಬಿದ್ದಾಗ ಕಾಲಿಗೆ ಕಡಗ. ಕೂತಾಗ ಕೈಗೆ ಕಡಗ. ಹಲ್ಲು ಬಂದಾಗ ಇನ್ನೊಂದು ಉಡಿದಾರ, ಮೊದಲಿನದಕ್ಕಿಂತ ದಪ್ಪ. ಕೂಸು ಒಂದೊಂದು ಕಲಿತ ಹಾಗೆ ಅಜ್ಜಿ ಒಂದೊಂದು ಹಾಕಿದ್ರು, ನಾನು ತೂಗಿ ತೂಗಿ ಚುಕ್ಕಿ ಇಟ್ಟೆ. ಸಾಹೇಬರ ಹಿಂದೆ ನೇತಾಡ್ತಿರೋದು ಕೂಸು ಬೆಳೆದ ಗ್ರಾಫಲ್ಲ ಸಾರ್, ಅಕ್ಕಸಾಲಿ ದುಡಿದ ಗ್ರಾಫು...

ಇವತ್ತು ಬೆಳಗ್ಗೆ ಅತ್ತೆ ಪೂಜೆಗೆ ಕೂತಿದ್ದಾಗ ಚನ್ನಬಸಮ್ಮನೇ ಎಲ್ಲ ಬಿಚ್ಚಿಕೊಟ್ಟಳು. ಎರಡನ್ನೂ ಬೇರೆ ಬೇರೆ ತೂಗಿದೆ. ಬೆಳ್ಳಿ ಒಂದು ಕಿಲೋ ಇನ್ನೂರು. ಕೂಸು ಆರು ಕಿಲೋ ಎಂಟುನೂರು. ಉಳಿದ ಒಂಬೈನೂರು ಈ ಮೂರು ದಿನದ ಭೇದೀಲೇ ಹೋಗಿದೆ. ಅತ್ತೆ ಗಂಟೆ ಬಾರಿಸೋದು ನಿಲ್ಲಿಸೋ ಹೊತ್ತಿಗೆ ಮತ್ತೆ ತೊಡಿಸಿಬಿಟ್ವಿ...

ಹನ್ನೊಂದು ತಿಂಗಳಾದ್ರೂ ಯಾಕೆ ಅಂಬೆಗಾಲಿಟ್ಟಿಲ್ಲ ಅಂತ ನೀವೇ ಕೇಳಿ ಬರೆದಿದ್ರಿ, ಜ್ಞಾಪಕ ಇದೆಯಾ? ‘ಮಗು ಶಾಂತಸ್ವಭಾವದ್ದು’ ಅಂತ ಉತ್ತರ ಕೊಟ್ಟೆ. ಅಷ್ಟು ಹೊತ್ತುಕೊಂಡು ನಾನಾಗಿದ್ರೂ ಶಾಂತವಾಗೇ ಇರ್ತಿದ್ದೆ ಸಾರ್...

ಯಾಕೆ ಮೊದಲೇ ಹೇಳಲಿಲ್ಲ ಅಂದ್ರೆ... ಹೆದರಿಕೆ. ಮೊದಲನೇ ತಿಂಗಳು ‘ಅಮ್ಮಾ, ಉಡಿದಾರ ಬಿಚ್ಚಿ’ ಅಂದೆ. ‘ಏನವ್ವಾ, ಕೂಸ ತೂಗಕ್ ಬಂದಿದ್ದಯೋ, ನಮ್ ಮನೆತನ ತೂಗಕ್ ಬಂದಿದ್ದಯೋ’ ಅಂದ್ರು. ಎರಡನೇ ತಿಂಗಳು ಕೇಳಲೇ ಇಲ್ಲ. ಮೂರನೇ ತಿಂಗಳು ನಿಮ್ಮ ಆಫೀಸಿಂದ ಮೆಚ್ಚುಗೆ ಬಂತು. ಆಮೇಲೆ ನಿಜ ಬರೆದ್ರೆ ಗೆರೆ ಧಡಾರಂತ ಬೀಳತ್ತಲ್ಲ ಸಾರ್. ಗೆರೆಗೆ ಹೆದರಿ ಕೂತೆ...

ತಾಯಿ ಹಾಲು ನಾಲ್ಕನೇ ತಿಂಗಳಿಗೇ ಬಿಡಿಸಿಬಿಟ್ರು. ಪಟ್ಟಣದಿಂದ ತಂದ ಡಬ್ಬದ ಪುಡಿ, ಸೀಸೆ. ಡಬ್ಬದ ಮೇಲಿನ ಚಿತ್ರದ ಕೂಸು ಗುಂಡಗಿದೆ ಅಂತ. ಒಂದು ಚಮಚಕ್ಕೆ ಒಂದು ಚೊಂಬು ನೀರು. ಸೀಸೆ ಕುದಿಸಿ ಅಂದ್ರೆ ‘ನಮ್ಮನೆ ನೀರು ಗಲೀಜಾ’ ಅಂತಾರೆ...

ನನ್ನ ಮೇಲೆ ಕ್ರಮ ತಗೊಳ್ಳಿ ಸಾರ್, ಬೇಡ ಅನ್ನಲ್ಲ. ಮೊದಲು ಜೀಪಿಗೆ ಒಂದು ಮಾತು ಹೇಳಿ...

ಬಹುಮಾನ ಇನ್ಯಾರಿಗೆ ಕೊಡೋದಾ?... ತಿಗನಾರೆ ಮಾದಿಯ ಮಗಳಿಗೆ ಕೊಡಿ. ಎದೆಹಾಲು, ರಾಗಿ ಅಂಬಲಿ, ಅಷ್ಟೇ. ಸೊಂಟದಲ್ಲಿ ಒಂದು ಕರೀ ದಾರ. ಬರೀ ಮೈಗೇ ಎಂಟು ಕಿಲೋ ನಾನೂರು. ನನ್ನ ತಕ್ಕಡಿ ಹಿಡ್ಕೊಂಡು ಎದ್ದು ನಿಲ್ಲತ್ತೆ... ಹೌದು ಸಾರ್, ಬಡಕಲು ಮಕ್ಕಳ ಪಟ್ಟೀಲಿದೆ. ಕೇರಿ ನೋಡಿ ಪಟ್ಟಿ ಮಾಡಿ, ತೂಗೋದೇನಿದೆ ಅಂದೋರು ನೀವೇ ಅಲ್ವಾ... ಪೌಷ್ಟಿಕ ಹಿಟ್ಟು ತಗೊಳ್ಳೋ ಕೂಸಿಗೆ ಬಹುಮಾನ ಕೊಡಕ್ಕಾಗಲ್ವಾ? ಓ. ಅದು ಬೇರೆ ಫೈಲು...

ಏನಂದ್ರಿ?... ನಾಲ್ಕು ಗಂಟೆಗೆ ವೇದಿಕೆ ಮೇಲೆ ತೋರಿಸಿ ಆಮೇಲೆ ಕರ್ಕೊಂಡು ಹೋಗಬೇಕಾ? ಈಗ ಹನ್ನೊಂದೂವರೆ ಸಾರ್... ಶಾಲು ಸುತ್ತಿ, ಮುಖಕ್ಕೆ ಪೌಡರ್ ಹಾಕಿ?... ಫೋಟೋ ತೆಗೆಯೋವರೆಗೆ ಸಾಕಾ?...

ಸಾರ್, ನಾಲ್ಕು ಗಂಟೆಗೆ ಈ ಕೂಸು ಬದುಕಿರತ್ತೆ ಅಂತ ನೀವು ಬರೆದು ಕೊಡ್ತೀರಾ?...

ಇಲ್ಲ, ಅಳ್ತಾ ಇಲ್ಲ. ಒಂದ್ನಿಮಿಷ, ಇಲ್ಲಿ ವಿಶಾಲಾಕ್ಷಮ್ಮನೋರು ಏನೋ... ಏನಮ್ಮಾ? ... ‘ಫಸ್ಟು ಅಂತ ನಿಮ್ ಆಪೀಸ್ನೋರೇ ಕಾಗ್ದ ಬರ್ದವ್ರೆ, ನನ್ ಮೊಮ್ಮಗ ಆಸ್ಪತ್ರೆಗ್ಯಾಕ್ ಓದಾನು’ ಅಂತಿದಾರೆ ಸಾರ್. ನೀವೂ ಅವರೂ ಒಂದೇ ಮಾತು, ಅಲ್ವಾ. ನಡುವೆ ಇಷ್ಟುದ್ದ ತಂತಿ ಯಾಕೆ ಬೇಕಿತ್ತೋ...

ಇರಿ ಸಾರ್, ಇರಿ. ಚನ್ನಬಸಮ್ಮ ಎದ್ದಳು... ಬಿಚ್ತಿದಾಳೆ. ಎಲ್ಲರೆದುರಿಗೇ. ಉಡಿದಾರ... ಇನ್ನೊಂದು... ಕಾಲಿಂದು. ಒಂದೊಂದೇ ಅತ್ತೆ ಮಡಿಲಿಗೆ ಹಾಕ್ತಿದಾಳೆ. ಅತ್ತೆ ಬಗ್ಗಿ ಕೂಸಿನ ಸೊಂಟ ನೋಡ್ತಿದಾರೆ. ದಾರ ಒತ್ತಿದ ಕಡೆ ಕಪ್ಪಗೆ ಗೆರೆ ಬಿದ್ದಿದೆ... ಕರಡಿಗೆ ಇದೆ, ಕೊರಳಲ್ಲೇ ಇದೆ. ಅದನ್ನ ಮುಟ್ಟಲಿಲ್ಲ...

ಆ? ಡ್ರೈವರ್ ಕೈಗೆ ಫೋನ್ ಕೊಡಬೇಕಾ?... ನೀವೇ ಬೇಡ ಅಂತ ಹೇಳ್ತೀರಾ... ಸರಿ, ಕರೀತೀನಿ.

ಬಸವಣ್ಣಾ! ಬಸವಣ್ಣಾ, ಸಾರ್ ಚಾಮರಾಜನಗರಕ್ಕೆ ಹೊರಡು ಅಂದ್ರು! ಬೇಗ, ಸ್ಟಾರ್ಟ್ ಮಾಡಿ! ಚನ್ನಬಸಮ್ಮಾ, ಹತ್ತು!

ಹೌದು ಸಾರ್, ನೀವು ಹಾಗನ್ನಲಿಲ್ಲ. ನಾನೇ ಅಂದೆ. ಹನ್ನೊಂದು ತಿಂಗಳು ಸುಳ್ಳು ಬರೆದಾಗ ಒಂದು ದಿನವೂ ನನ್ನ ಬೈಲಿಲ್ಲ, ಇವತ್ತು ಬೈರಿ... ಕೇಳಿಸ್ತಿದೆ, ಚೆನ್ನಾಗಿ ಕೇಳಿಸ್ತಿದೆ. ಸಸ್ಪೆಂಡು. ಹಾಂ, ಬರ್ಕೊಳ್ಳಿ, ಮಲ್ಲಿಗಮ್ಮ... ದಾರಿಯುದ್ದಕ್ಕೂ ಚಮಚ ನಿಲ್ಲಿಸಬಾರದು ಸಾರ್, ನಾನೂ ಹತ್ತಬೇಕು. ವಿಶಾಲಾಕ್ಷಮ್ಮನೋರೂ ಎದ್ದುಬಿಟ್ರು, ಬೆಳ್ಳಿಯೆಲ್ಲ ಬೆಂಚಿನ ಮೇಲೇ ಬಿಟ್ಟು... ಅಮ್ಮಾ, ಮೆಲ್ಲಗೆ, ಮೆಟ್ಟಲು! ... ಏನು ಗುರುಸ್ವಾಮಿಯೋರೆ? ಟ್ರಂಕ್ ಕಾಲ್ ಟೈಮಾಯ್ತಾ? ಇನ್ನೊಂದು ಮೂರು ನಿಮಿಷ ಬೇಕಾ ಅಂತ ಕೇಳ್ತಿದಾರೆ ಸಾರ್. ಬೇಡ ಗುರುಸ್ವಾಮಿಯೋರೆ, ಸಾರ್ ಹೇಳೋದೆಲ್ಲ ಹೇಳಿ ಆಯ್ತು, ನೀವು ಕಟ್...