ಜಾವಗಲ್ಲಿನ ಬೆಚ್ಚನೆಯ ನೆಲ

ಇಂದ್ರೇಶ್ ಮೇಷ್ಟ್ರನ್ನು ಮೋಸಗಾರ ಎಂದು ಕರೆಯಲಾಯಿತು. ಅದು ಅನ್ಯಾಯ.

ಶ್ರದ್ಧಾಂಜಲಿ ಸಭೆಯಲ್ಲಿ ನಮಸ್ಕಾರಕ್ಕೂ ಮೊದಲು ಈ ಮಾತು ಆಡಿದ್ದಕ್ಕೆ ಹಿರಿಯರು ಮನ್ನಿಸಬೇಕು. ಮೇಷ್ಟ್ರ ಮಡದಿ ಅರುಣಕ್ಕ, ಮಗಳು ಶಿಲ್ಪಾ, ಜಾವಗಲ್ಲಿನಿಂದ ಬೆಳಗಿನ ಬಸ್ಸಿಗೇ ಹೊರಟು ಬಂದ ತೆಂಗು ಬೆಳೆಗಾರರೇ, ಅರಸೀಕೆರೆಯ ಬಂಧುಗಳೇ, ಮೇಷ್ಟ್ರ ಹಳೆಯ ವಿದ್ಯಾರ್ಥಿಗಳೇ — ನಿಮ್ಮೆಲ್ಲರಿಗೂ ಈ ಮಧುಶ್ರೀಯ ನಮಸ್ಕಾರ.

ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಮೇಷ್ಟ್ರು ತೆರೆದ ಸಿಮೆಂಟ್ ವರ್ಕ್‌ಶಾಪಿನಲ್ಲಿ ನಾನು ಅವರ ಜೊತೆ ಕೆಲಸ ಮಾಡಿದವಳು. ನಾನು ಇಂಜಿನಿಯರ್ ಅಲ್ಲ, ಕಿರುಹೊತ್ತಿಗೆ, ಕರಪತ್ರ ಓದಿ ಕಲಿತವಳು. "ಓದಿದ್ದನ್ನೆಲ್ಲ ಕೂಗ್ಬೇಡ ಕಣಮ್ಮ, ಮೊದ್ಲು ಅಳೆದು ನೋಡು" ಎನ್ನುತ್ತಿದ್ದರು. ಇವತ್ತು ಸ್ವಲ್ಪ ಕೂಗುತ್ತೇನೆ. ಅಳೆದಾಗಿದೆ.

ನಾಲ್ಕು ವರ್ಷದ ಹಿಂದೆ ಜಾವಗಲ್ಲಿನ ಬೆಳೆಗಾರರ ಸಂಘದ ಶೆಡ್ಡಿನಲ್ಲಿ ನಾವೊಂದು ನೆಲ ಹಾಕಿದೆವು. ಅದರ ಸಿಮೆಂಟಿನೊಳಗೆ ಕಾರ್ಬನ್ ನ್ಯಾನೋಟ್ಯೂಬ್‌ಗಳಿವೆ — ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳು. ಅವು ಒಂದಕ್ಕೊಂದು ತಾಗಿಕೊಂಡು ಕರೆಂಟಿಗೆ ದಾರಿ ಕೊಡುತ್ತವೆ. ಎರಡು ಅಂಚಿಗೆ ತಾಮ್ರದ ಪಟ್ಟಿ. ಕೈ ತಗುಲಿದರೂ ಅಪಾಯವಿಲ್ಲದ ಕಡಿಮೆ ವೋಲ್ಟೇಜು ಕೊಟ್ಟರೆ ಸಾಕು, ನೆಲವೇ ಬೆಚ್ಚಗಾಗುತ್ತದೆ. ಸೋನೆ ಹಿಡಿದ ದಿನಗಳಲ್ಲಿ ಕೊಬ್ಬರಿ ಬಟ್ಟಲಿಗೆ ಬೂಷ್ಟು ಬರಬಾರದು — ಅದಕ್ಕಾಗಿ ಈ ನೆಲ.

ನಗಾಡಿದವರು ಕಡಿಮೆಯೇ? ಹಳೇಬೀಡು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಮೇಷ್ಟ್ರ ಬಾಲ್ಯದ ಗೆಳೆಯ ಬೋರಯ್ಯನವರು ಎಲ್ಲರ ಮುಂದೆ ಕೇಳಿದರು: "ಏನ್ಲಾ ಇಂದ್ರೇಶ, ನಮ್ಮೂರ ಗುಡಿ ಕಲ್ಲು ಎಷ್ಟು ಕಾಲದಿಂದ ನಿಂತೈತೆ. ನಿನ್ ಕರಿ ಸಿಮೆಂಟು ಎಷ್ಟು ವರ್ಷ ಬಾಳ್ತದೆ?" ಮೇಷ್ಟ್ರು ಟೀ ಊದಿಕೊಂಡು ಹೇಳಿದರು: "ಗೊತ್ತಿಲ್ಲ ಕಣ್ಲಾ. ಆದ್ರೆ ನಿನ್ ಕಲ್ಲಿನ ಮೇಲೆ ಕೊಬ್ಬರಿ ಒಣಗ್ಸಿ ತೋರ್ಸು, ನಾನು ವರ್ಕ್‌ಶಾಪ್ ಮುಚ್ತೀನಿ." ಬೋರಯ್ಯನವರು ಇಲ್ಲೇ ಕೂತಿದ್ದಾರೆ. ನಗುತ್ತಿದ್ದಾರೆ — ನಗಲಿ.

ಎಷ್ಟು ವರ್ಷ ಬಾಳುತ್ತದೆ? ಮೇಷ್ಟ್ರ ನಿದ್ದೆ ಕೆಡಿಸಿದ್ದು ಈ ಒಂದೇ ಪ್ರಶ್ನೆ. ಬಿರುಕು ಬಿಟ್ಟರೆ ಕೊಳವೆಗಳ ಸಂಪರ್ಕ ಕಡಿಯುತ್ತದೆಯೇ? ನೆನೆದು ಒಣಗಿ, ನೆನೆದು ಒಣಗಿ ಸಿಮೆಂಟು ಸೋಲುತ್ತದೆಯೇ? ಮಾದರಿ ತುಂಡುಗಳನ್ನು ನೀರಿಗಿಟ್ಟರು, ಬಿಸಿಲಿಗಿಟ್ಟರು, ಉಪ್ಪುನೀರಿಗಿಟ್ಟರು.

ಹೋದ ಮಳೆಗಾಲದಲ್ಲಿ ನೆಲ ತಣ್ಣಗಾಯಿತು.

ಸಂಘ ಕರೆಸಿದ ಪರಿಣತರು ಬಂದರು. ಎರಡು ತಾಮ್ರದ ಪಟ್ಟಿಗೆ ಮೀಟರ್ ಹಿಡಿದರು, ಕರೆಂಟು ಹರಿಯುವುದಿಲ್ಲ ಎಂದರು, ಸಿಮೆಂಟು ಸತ್ತಿದೆ ಎಂದು ಬರೆದುಕೊಟ್ಟು ಹೋದರು. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರಾದರೂ ಟ್ಯಾಂಕು ಒಡೆಯುತ್ತಾರೆಯೇ? ಇಲ್ಲಿ ಒಡೆಯುವ ತೀರ್ಮಾನವಾಯಿತು. ಶೆಡ್ಡಿಗೆ ಬೀಗ ಬಿತ್ತು. "ಪಟ್ಟಿ ಬಿಟ್ಟು ನೆಲದ ನಡುವೆ ಒಂದ್ಸಲ ಅಳೆಯೋಕೆ ಬಿಡಿ" ಎಂದು ಎದೆನೋವಿನ ಮನುಷ್ಯ ಮೂರು ಸಭೆಗೆ ಅಲೆದರು. ಬಿಡಲಿಲ್ಲ. ಸಂತೆಯಲ್ಲಿ ಜನ ಅವರನ್ನು ಕಂಡು ಮುಖ ತಿರುಗಿಸಿದರು.

ಕೊನೆಗೆ ಶೆಡ್ಡಿನ ಉಸ್ತುವಾರಿ ಕಾಂತಮ್ಮನವರೇ ಬೀಗ ತೆಗೆದರು. ಒಳಗೆ ಹೋದರೆ ತಾಮ್ರದ ಪಟ್ಟಿ ಫಳಫಳ ಹೊಳೆಯುತ್ತಿದೆ — ಹಬ್ಬಕ್ಕೆ ತೊಳೆದಿಟ್ಟ ಚೊಂಬಿನ ಹಾಗೆ. ಮೇಷ್ಟ್ರು ನಿಂತಲ್ಲೇ ನಿಂತರು.

"ಕಾಂತಮ್ನೋರೇ, ಇದು ಇಷ್ಟು ಹೊಳೀತಾ ಐತಲ್ಲ, ಹೆಂಗೆ?"

"ಸೋಮವಾರ ಸೋಮವಾರ ಉಜ್ತೀನಲ್ಲ ಸಾ. ಹುಣಸೆಹಣ್ಣು, ಉಪ್ಪು. ತಾಮ್ರ ಕಪ್ಪಗೆ ಬಿಟ್ರೆ ಶಿವ ಮೆಚ್ತಾನಾ? ಉಜ್ಜಿ, ತೊಳ್ದು, ವಿಭೂತಿ ಇಟ್ಟೇ ಸ್ವಿಚ್ ಹಾಕೋದು."

ಮೇಷ್ಟ್ರು ಗೋಡೆ ಹಿಡಿದು ಕೂತು ನಕ್ಕರು. ನನಗೆ ಭಯವಾಗುವಷ್ಟು ನಕ್ಕರು. "ಎಲ್ಲಾ ಪರೀಕ್ಷೆ ಮಾಡ್ದೆ ಕಣ್ರಮ್ಮಾ. ಹುಣಸೆಹಣ್ಣಿನದ್ದೊಂದು ಬಿಟ್ಟೋಯ್ತು."

"ಬೇಡ ಅಂತ ಮೊದ್ಲೇ ಒಂದ್ಮಾತು ಹೇಳ್ಬಾರ್ದಾಗಿತ್ತಾ?" ಎಂದು ಕಾಂತಮ್ಮನವರು ಅವರನ್ನೇ ಗದರಿಸಿದರು. ಸರಿಯಾಗಿಯೇ ಗದರಿಸಿದರು. ಮನೆಯ ತಾಮ್ರವನ್ನು ನಾವೆಲ್ಲ ಹಾಗೇ ತಾನೇ ಬೆಳಗುವುದು?

ಹುಳಿ ಮತ್ತು ಉಪ್ಪು ಪಟ್ಟಿಯ ಅಡಿಗೆ ಇಳಿದು, ತಾಮ್ರ ಸಿಮೆಂಟಿಗೆ ಕೂಡುವ ಜಾಗವನ್ನು ತಿಂದುಹಾಕಿದ್ದವು. ಸಿಮೆಂಟು ಹೇಗಿದೆ ಎಂದು ತಿಳಿಯಲು ಮೇಷ್ಟ್ರು ನಾಲ್ಕು ತಂತಿಯ ಅಳತೆ ಮಾಡಿದರು. ಎರಡು ತಂತಿ ಕರೆಂಟು ಕೊಡುವುದಕ್ಕೆ, ಅವುಗಳ ಮಧ್ಯೆ ಬೇರೆ ಎರಡು ತಂತಿ ವೋಲ್ಟೇಜು ನೋಡುವುದಕ್ಕೆ. ಹೀಗೆ ಅಳೆದರೆ ಕೂಡಿಕೆಯ ದೋಷ ಲೆಕ್ಕಕ್ಕೆ ಬರುವುದಿಲ್ಲ. ಮೀಟರ್ ಹಿಡಿದವಳು ನಾನು. ಓದಿ ಹೇಳಿದೆ. "ಇನ್ನೊಂದ್ಸಲ ಓದು" ಎಂದರು. ಓದಿದೆ. ನೆಲ ಹಾಕಿದ ವರ್ಷದ ಅಳತೆಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. ನಾಲ್ಕು ಮಳೆಗಾಲ, ನಾಲ್ಕು ಬೇಸಿಗೆ — ಸಿಮೆಂಟು ಬದುಕಿತ್ತು.

ಅವರು ಆ ನೆಲದ ಮೇಲೆ ಮಲಗಿಬಿಟ್ಟರು. ಬೆಚ್ಚಗಿರಲಿಲ್ಲ, ಆದರೂ ಮಲಗಿದರು. "ಅಬ್ಬ" ಎಂದರು.

ಮುಂದಿನ ವಾರ ನಮ್ಮನ್ನೆಲ್ಲ ಬಿಟ್ಟು ಹೊರಟುಹೋದರು. ಅರುಣಕ್ಕ ನನಗೆ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ: ಎಷ್ಟೋ ತಿಂಗಳ ಮೇಲೆ ಆ ಕೊನೆಯ ವಾರ ಮೇಷ್ಟ್ರು ಮಾತ್ರೆಯಿಲ್ಲದೆ ನಿದ್ದೆ ಮಾಡಿದರಂತೆ. ಅದಕ್ಕೇ ಇವತ್ತು ನನಗೆ ಅಳುವಿಗಿಂತ ಹೆಚ್ಚಾಗಿ ನಿರಾಳ ಅನ್ನಿಸುತ್ತಿದೆ. ತಪ್ಪು ತಿಳಿಯಬೇಡಿ. ಅವರು ಸೋತವರಾಗಿ ಹೋಗಲಿಲ್ಲ. ತಿಳಿದುಕೊಂಡು ಹೋದರು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ನೆಲ ಎಂದೆಂದಿಗೂ ಬಾಳುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನಮ್ಮ ಕೈಯಲ್ಲಿರುವುದು ನಾಲ್ಕು ವರ್ಷದ ಸಾಕ್ಷಿ ಅಷ್ಟೇ. ಇನ್ನು ವರ್ಷ ವರ್ಷವೂ ನಾವೇ ಅಳೆಯಬೇಕು. ಹೊಸ ವಸ್ತು ದೊಡ್ಡ ಊರಿನವರಿಗೆ, ಹಳ್ಳಿಗೆ ಅವರು ಬಿಟ್ಟದ್ದು — ಈ ಮಾತನ್ನು ನಾನು ಒಪ್ಪುವುದಿಲ್ಲ. ಅಳೆಯುವ ಹಕ್ಕು ಜಾವಗಲ್ಲಿಗೂ ಇದೆ. ಅಳೆಯದೆ ಒಡೆಯುವ ಹಕ್ಕು ಯಾರಿಗೂ ಇಲ್ಲ.

ಸಂಘದ ಅಧ್ಯಕ್ಷ ಲಕ್ಕಪ್ಪನವರು ಈಗ ತಾನೆ ಬಾಗಿಲಲ್ಲಿ ನನಗೆ ಹೇಳಿದರು: "ಒಡೆಯೋದು ನಿಲ್ಸಿದೀನಿ ಕಣವ್ವ. ಆದ್ರೆ ಅದು ಕಾಯೋದನ್ನ ಎಲ್ರೂ ಕಣ್ಣಾರೆ ನೋಡ್ಬೇಕು." ನ್ಯಾಯವಾದ ಮಾತು. ಹಳೆ ಪಟ್ಟಿ ಕಿತ್ತು ಹೊಸದು ಕೂಡಿಸಿದ್ದೇವೆ. ನೀರು ಹೋಗದಂತೆ ಮುಚ್ಚಿದ್ದೇವೆ. ಸ್ವಿಚ್ ಇನ್ನೂ ಹಾಕಿಲ್ಲ. ಮೇಷ್ಟ್ರನ್ನು ಮೋಸಗಾರ ಅಂದವರೂ ಬನ್ನಿ. ಚಪ್ಪಲಿ ಬಿಟ್ಟು ಆ ನೆಲದ ಮೇಲೆ ನಿಂತು ನೀವೇ ಹೇಳಿ.

ಈಗ ಎಲ್ಲರೂ ಏಳೋಣ. ಮೊಬೈಲ್ ಜೇಬಿನಲ್ಲಿರಲಿ. ಇಂದ್ರೇಶ್ ಮೇಷ್ಟ್ರಿಗಾಗಿ ಒಂದು ನಿಮಿಷ, ಮಾತಿಲ್ಲದೆ.

—

ಕೂತುಕೊಳ್ಳಿ. ಬರುವ ಗುರುವಾರ, ಬೆಳಗ್ಗೆ ಒಂಬತ್ತು ಗಂಟೆಗೆ, ಜಾವಗಲ್ಲಿನ ಶೆಡ್ಡಿನಲ್ಲಿ.